ಹಗಲಲ್ಲಿ ಬಾಯಿ ಮುಚ್ಚಿಕೊಳ್ಳುವ ಜೇಡ್ ಗಿಡ

ನಮ್ಮ ಕಡೆ ನರ್ಸರಿಗೆ ಹೋಗಿ ಜೇಡ್ ಕೊಡಿ ಅಂದರೆ ಹೆಚ್ಚಾಗಿ ಕೈಗೆ ಬರೋದು ಅಂಗಿ ಗುಂಡಿಯಷ್ಟು ಎಲೆಯ, ಕೆಂಪು ಕಾಂಡದ ಗಿಡ. ಅದು ಪೋರ್ಚುಲಕೇರಿಯಾ, ದಕ್ಷಿಣ ಆಫ್ರಿಕಾದಲ್ಲಿ ಆನೆಗಳ ಮೇವು. ನಿಜವಾದ ಜೇಡ್ ಅಂದರೆ ಕ್ರಾಸುಲಾ ಒವಾಟಾ. ಇದರ ಎಲೆ ಹೆಬ್ಬೆರಳಿನಷ್ಟು ಅಗಲ, ಗಟ್ಟಿ ಬಿಸಿಲು ಬಿದ್ದರೆ ಅಂಚು ಕೆಂಪಾಗುತ್ತದೆ. ಎರಡರ ತವರೂ ಅದೇ ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದ ಒಣ ಗುಡ್ಡಗಳೇ, ಆದರೆ ಕುಟುಂಬ ಬೇರೆ.

ಮಂಗಳೂರಿನಲ್ಲಿದ್ದಾಗ ನಾನು ಸಾಕಿದ್ದು ದೊಡ್ಡ ಎಲೆಯದು. ಪುಟ್ಟ ಆಲದ ಮರದ ಹಾಗೆ ಬುಡ ದಪ್ಪವಾಗಿ ಚೆನ್ನಾಗಿಯೇ ಇತ್ತು. ಜುಲೈನಲ್ಲಿ ಒಂದು ದಿನ ಮುಟ್ಟಿದರೆ ಎಲೆ ಪಟಪಟ ಉದುರಿದವು, ಕಾಂಡ ಒತ್ತಿದರೆ ಕೊಳೆತ ಬಾಳೆಹಣ್ಣಿನ ಹಾಗೆ ಒಳಗೆ ಹೋಯಿತು. ಮಳೆ ಜಾಸ್ತಿಯಾಗಿ ಬೇರು ಕೊಳೆತಿತ್ತು, ಅದು ಸರಿ. ಆದರೆ ಮಳೆಗೆ ಮುಂಚೆ, ಏಪ್ರಿಲ್‌ನಿಂದಲೇ ಅದು ಯಾಕೆ ಸೊರಗಿತ್ತು?

ಉತ್ತರ ಇರೋದು ರಾತ್ರಿಯಲ್ಲಿ. ಬೇರೆ ಗಿಡಗಳು ಹಗಲಲ್ಲಿ ಎಲೆಯ ಸಣ್ಣ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಒಣ ಗುಡ್ಡದಲ್ಲಿ ಹಾಗೆ ಮಾಡಿದರೆ ನೀರೆಲ್ಲ ಆವಿಯಾಗಿ ಹೋಗುತ್ತದೆ, ಅದಕ್ಕೇ ಜೇಡ್ ಹಗಲು ಬಾಯಿ ಮುಚ್ಚಿಕೊಂಡಿದ್ದು ರಾತ್ರಿ ತಂಪಿನಲ್ಲಿ ತೆರೆಯುತ್ತದೆ, ಎಳೆದುಕೊಂಡ ಅನಿಲವನ್ನು ಮ್ಯಾಲಿಕ್ ಆಮ್ಲ ಮಾಡಿ ಎಲೆಯಲ್ಲಿ ಕೂಡಿಟ್ಟು, ಬೆಳಗಾದ ಮೇಲೆ ಬಿಸಿಲಲ್ಲಿ ಅದರಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಹಸಿ ಮಾವಿನಕಾಯಿಯಲ್ಲೂ ಈ ಆಮ್ಲ ಇದೆ.

ಇದರ ಸುಳಿವು ಮೊದಲು ಸಿಕ್ಕವರಲ್ಲಿ ಬೆಂಜಮಿನ್ ಹೇಯ್ನ್ ಒಬ್ಬ. ಟಿಪ್ಪುವಿನ ನಂತರ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಸಸ್ಯಶಾಸ್ತ್ರಜ್ಞ. ಜೇಡ್‌ನ ಕುಟುಂಬದ್ದೇ ಆದ ನಮ್ಮ ಕಾಡುಬಸಳೆಯ ಎಲೆ ಅಗಿದು ನೋಡಿದ: ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ. ಅದನ್ನು ಲಂಡನ್ನಿಗೆ ಬರೆದು ಕಳಿಸಿದ, 1815ರ ಸುಮಾರಿಗೆ ಅಚ್ಚಾಯಿತು. ನಾಲಿಗೆಯೇ ಪ್ರಯೋಗಾಲಯ!

ಅಂದ ಹಾಗೆ, ಜೇಡ್ ರಾತ್ರಿ ಆಮ್ಲಜನಕ ಕೊಡುತ್ತೆ, ಮಲಗುವ ಕೋಣೆಯಲ್ಲಿಡಿ ಅಂತ ಮಾರುತ್ತಾರಲ್ಲ, ಅದು ಸುಮ್ನೆ ಮಾತು. ಆಮ್ಲಜನಕ ಹೊರಬರೋಕೆ ಬೆಳಕು ಬೇಕೇ ಬೇಕು.

ಹಗಲು ಬಿಸಿಲು, ರಾತ್ರಿ ತಂಪು ಇದ್ದರೆ ಈ ಗಿಡಕ್ಕೆ ಹಬ್ಬ. ಕರಾವಳಿಯ ಬೇಸಿಗೆಯಲ್ಲಿ ರಾತ್ರಿಯೂ ಸೆಕೆ, ಆಮ್ಲ ಕೂಡಿಡೋದೇ ಕಷ್ಟವಾಗುತ್ತದೆ. ಅಲ್ಲಿನವರಿಗೆ ಚಿಕ್ಕ ಎಲೆಯದೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಅದು ನೀರಿದ್ದಾಗ ಮಾಮೂಲಿ ಗಿಡದ ಹಾಗೆ ಹಗಲಲ್ಲೇ ಉಸಿರಾಡುತ್ತದೆ, ಬರ ಬಂದಾಗ ರಾತ್ರಿ ಪಾಳಿಗೆ ಬದಲಾಗುತ್ತದೆ. ಕಲಬುರಗಿ ಬೇಸಿಗೆಯಲ್ಲಿ ಯಾವ ಜೇಡ್ ಆದರೂ ಮಧ್ಯಾಹ್ನ ನೆರಳು ಕೊಡಿ, ಅದು ನಿದ್ದೆಗೆ ಹೋಗಿರುತ್ತೆ, ನೀರು ಸುರಿದು ಎಬ್ಬಿಸಬೇಡಿ. ಮಳೆ ಜಾಸ್ತಿ ಇರೋ ಕಡೆ ಸೂರಿನ ಕೆಳಗಿಟ್ಟು, ಒಂದು ಪಾಲು ಮಣ್ಣಿಗೆ ಎರಡು ಪಾಲು ದಪ್ಪ ಮರಳು, ಇಟ್ಟಿಗೆ ಚೂರು ಹಾಕಿ.

ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ದೊಡ್ಡ ಎಲೆಯ ಜೇಡ್ ಹೊರಗೇ ಬೇಲಿಯಾಗಿ ಬೆಳೆಯುತ್ತದೆ. ಚಿಕಾಗೊದಲ್ಲಿದ್ದರೆ ಮಾತ್ರ ಚಳಿಗಾಲಕ್ಕೆ ಮುಂಚೆ ಒಳಗೆ ತರಬೇಕು, ಯಾಕಂದ್ರೆ ಎಲೆ ತುಂಬ ನೀರೇ ಇರೋದು, ಅದು ಹೆಪ್ಪುಗಟ್ಟಿದರೆ ಜೀವಕೋಶ ಒಡೆದು ಗಿಡ ಕರಗಿ ಹೋಗುತ್ತದೆ. ಒಳಗೆ ಬೆಚ್ಚಗಿಟ್ಟರೆ ಬದುಕುತ್ತೆ, ಹೂ ಬಿಡೋದು ಅಪರೂಪ. ಹೂವಿಗೆ ದೀರ್ಘ ಕತ್ತಲೆ, ತಂಪು ರಾತ್ರಿ ಎರಡೂ ಬೇಕು. ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟ್ ಉರಿಯುವ ಹಾಲ್‌ನಲ್ಲಿ ಅದು ಎಲ್ಲಿ ಸಿಗುತ್ತೆ?

ಕೊಳೆತ ಗಿಡದ ಮೇಲ್ಗಡೆ ಒಂದು ಕೊಂಬೆ ಗಟ್ಟಿಯಾಗಿತ್ತು. ಕತ್ತರಿಸಿ, ಗಾಯ ಒಣಗಲಿ ಅಂತ ವಾರ ಹಾಗೇ ಬಿಟ್ಟು, ಬೆಂಗಳೂರಿನ ತಂಗಿ ಮನೆಗೆ ಒಯ್ದು ಒಣ ಮರಳಲ್ಲಿ ನೆಟ್ಟೆ. ಆರು ವರ್ಷ ಆಯ್ತು. ಹೋದ ಡಿಸೆಂಬರ್‌ನಲ್ಲಿ ತುದಿಗಳಲ್ಲಿ ಬಿಳಿ ನಕ್ಷತ್ರದ ಹಾಗೆ ಹೂ ಬಂದವು, ಐದೈದು ಎಸಳು. ತಂಗಿ ನೀರು ಹಾಕೋದನ್ನ ಮರೆತೇಬಿಟ್ಟಿದ್ದಳಂತೆ.