ಸೊಳ್ಳೆ ಬ್ಯಾಟ್ ಬಿಚ್ಚಿ ಕಲಿತದ್ದು: 4 ವೋಲ್ಟ್ ಸಾವಿರ ದಾಟುವ ದಾರಿ

ನಮ್ಮ ಮನೆ ಪಣಂಬೂರು ಕಡೆ, ಸಮುದ್ರಕ್ಕೆ ಹತ್ತಿರ. ಈ ಜೂನ್‌ನಲ್ಲಿ ಮನೆಯ ಸೊಳ್ಳೆ ಬ್ಯಾಟ್ ಏನೂ ತಾಗದೆ ಸುಮ್ನೆ ಚಟಪಟ ಅನ್ನತೊಡಗಿತು. ಸೊಳ್ಳೆ ಸಿಕ್ಕಾಗ ಮಾತ್ರ ಕಿಡಿಯೇ ಇಲ್ಲ. ಅಮ್ಮ "ಬಿಡು ಮಾರಾಯ, ಹೊಸದು ತರುವ" ಎಂದರು. ನನಗೆ ಒಳಗೆ ನೋಡದೆ ಸಮಾಧಾನವಿಲ್ಲ.

ಬಿಚ್ಚುವ ಮುಂಚೆ ಎರಡು ಮಾತು. ಚಾರ್ಜಿಗೆ ಹಾಕಿದ್ದಾಗ ಬಿಚ್ಚಲೇಬೇಡಿ. ಅಗ್ಗದ ಬ್ಯಾಟ್‌ಗಳಲ್ಲಿ ಒಂದು ಕೆಪಾಸಿಟರ್ (ಚಾರ್ಜ್ ಕೂಡಿಟ್ಟುಕೊಳ್ಳುವ ಬಿಡಿಭಾಗ) ಬಿಟ್ಟರೆ ಲೈನಿನ 230 ವೋಲ್ಟಿಗೂ ಒಳಗಿನ ಸರ್ಕ್ಯೂಟಿಗೂ ನಡುವೆ ತಡೆ ಇರುವುದಿಲ್ಲ. ಸ್ವಿಚ್ ಆಫ್ ಮಾಡಿದ ಮೇಲೂ ಜಾಲರಿಯ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರಬಹುದು. ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನ ತುದಿಯಿಂದ ನಡುವಿನ ಜಾಲರಿಯನ್ನು ಹೊರಗಿನದಕ್ಕೆ ಮುಟ್ಟಿಸಿ ಖಾಲಿ ಮಾಡಿ.

ಹಿಡಿಯೊಳಗೆ 4 ವೋಲ್ಟಿನ ಬ್ಯಾಟರಿ, ಒಂದು ಟ್ರಾನ್ಸಿಸ್ಟರ್, ವೋಲ್ಟೇಜ್ ಏರಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಮೂರು ಡಯೋಡ್, ಮೂರು ಕೆಪಾಸಿಟರ್, ಜಾಲರಿಗೆ ಅಡ್ಡವಾಗಿ ಇನ್ನೊಂದು ದೊಡ್ಡ ಕೆಪಾಸಿಟರ್. ಟ್ರಾನ್ಸ್‌ಫಾರ್ಮರ್ ಕೆಲಸ ಮಾಡಲು ಕರೆಂಟ್ ಏರಿಳಿಯುತ್ತಿರಬೇಕು, ಆದರೆ ಬ್ಯಾಟರಿಯ ಕರೆಂಟ್ ಒಂದೇ ಸಮ. ಅದಕ್ಕೇ ಟ್ರಾನ್ಸಿಸ್ಟರ್ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡುತ್ತದೆ. ಆಚೆ ಕಡೆ ಕೆಲವು ನೂರು ವೋಲ್ಟ್ ಬರುತ್ತದೆ.

ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟವಾದ ಭಾಗ. ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೊಡಪಾನ ಮೇಲಕ್ಕೆ ದಾಟಿಸುತ್ತಾರಲ್ವಾ, ಹಾಗೆ ಒಂದು ಕೆಪಾಸಿಟರ್ ತುಂಬಿದ ಚಾರ್ಜನ್ನು ಮುಂದಿನದಕ್ಕೆ ಏರಿಸುತ್ತದೆ. ಡಯೋಡ್ ಅದನ್ನು ಕೆಳಗೆ ಬರಲು ಬಿಡುವುದಿಲ್ಲ. ಕೆಳಗೆ 500 ವೋಲ್ಟ್ ಇದ್ದರೆ ಮೂರು ಮೆಟ್ಟಿಲು ಏರುವಾಗ ಸುಮಾರು 1500. ಕೇಂಬ್ರಿಡ್ಜ್‌ನಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಎಂಬ ಭೌತವಿಜ್ಞಾನಿಗಳು 1932ರಲ್ಲಿ ಲಿಥಿಯಂ ಪರಮಾಣುವಿನ ಬೀಜ ಒಡೆಯಲು ಬಳಸಿದ್ದೂ ಇದೇ ಬಗೆಯ ಏಣಿ. ಅವರಿಗೆ 1951ರಲ್ಲಿ ನೊಬೆಲ್ ಬಂತು. ಅದೇ ಉಪಾಯ ನಮ್ಮ ಜಗಲಿಯ ಬ್ಯಾಟಿನಲ್ಲಿದೆ ಎಂದು ತಿಳಿದಾಗ ನಾನು ಬೋರ್ಡನ್ನು ತುಂಬ ಹೊತ್ತು ನೋಡುತ್ತಾ ಕೂತಿದ್ದೆ.

ಲೆಕ್ಕ ಮಾಡಿ ನೋಡಿ. ದೊಡ್ಡ ಕೆಪಾಸಿಟರಿನ ಸಾಮರ್ಥ್ಯ 22 ನ್ಯಾನೋಫ್ಯಾರಡ್ ಆಗಿದ್ದು 1500 ವೋಲ್ಟಿಗೆ ತುಂಬಿದರೆ ಅದರಲ್ಲಿ ಸುಮಾರು 0.025 ಜೌಲ್ ಶಕ್ತಿ ಇರುತ್ತದೆ. ಸೊಳ್ಳೆಗೆ ಅದು ಧಾರಾಳ. ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆಯಲು ಹೋಗಬೇಡಿ. ಸಾಮಾನ್ಯ ಮೀಟರಿನ ಮಿತಿ 600 ಅಥವಾ 1000 ವೋಲ್ಟ್ ಅಷ್ಟೇ.

ಹಾಗಾದರೆ ನಮ್ಮ ಬ್ಯಾಟಿಗೆ ಏನಾಗಿತ್ತು? ಒಣ ಗಾಳಿಯಲ್ಲಿ ಒಂದು ಮಿಲಿಮೀಟರ್ ದಾಟಲು ಕಿಡಿಗೆ ಸುಮಾರು 3000 ವೋಲ್ಟ್ ಬೇಕು. ಜಾಲರಿಗಳ ನಡುವೆ ಅದಕ್ಕಿಂತ ಜಾಸ್ತಿ ಅಂತರವಿದೆ, ಹಾಗಾಗಿ ಸೊಳ್ಳೆ ನಡುವೆ ಬಂದರೆ ಮಾತ್ರ ಕಿಡಿ. ಆದರೆ ಜಾಲರಿ ಕೂತಿದ್ದ ಪ್ಲಾಸ್ಟಿಕ್ ಅಂಚಿನಲ್ಲಿ ಸತ್ತ ಸೊಳ್ಳೆಗಳ ಪುಡಿ ಮೆತ್ತಿತ್ತು. ಕಡಲ ಗಾಳಿಯ ಉಪ್ಪೂ ಅದಕ್ಕೆ ಸೇರಿರಬೇಕು. ಮಳೆಗಾಲದ ತೇವವನ್ನು ಉಪ್ಪು ಹೀರಿಕೊಂಡರೆ ಕರೆಂಟಿಗೆ ಕಳ್ಳದಾರಿ ಸಿಕ್ಕಿದ ಹಾಗೆ. ಸರ್ಕ್ಯೂಟ್ ಕೊಡುವ ಕರೆಂಟ್ ತೀರಾ ಕಡಿಮೆ. ಸೋರಿದ್ದನ್ನು ತುಂಬಿಕೊಡಲು ಅದಕ್ಕೆ ಆಗುವುದಿಲ್ಲ. ಸುಮ್ನೆ ಚಟಪಟ ಅನ್ನುವುದೂ ಸೊಳ್ಳೆಗೆ ಕಿಡಿ ಸಿಗದಿರುವುದೂ ಒಂದೇ ಕಾಯಿಲೆ!

ಬ್ಯಾಟರಿಯ ವೈರ್ ಬಿಡಿಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಅಂಚನ್ನೆಲ್ಲ ಉಜ್ಜಿದೆ. ಆಮೇಲೆ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ ಒಂದು ದಿನ ಫ್ಯಾನಿನಡಿ ಇಟ್ಟೆ. ಸ್ಪಿರಿಟ್ ಪೂರ್ತಿ ಆರದೆ ಬಟನ್ ಒತ್ತಬೇಡಿ, ಕಿಡಿಗೆ ಬೆಂಕಿ ಹತ್ತುತ್ತದೆ. ಮರುದಿನ ಸಂಜೆ ಬಟನ್ ಒತ್ತಿ ಹಿಡಿದೆ, ಸದ್ದಿಲ್ಲ. ಮೊದಲ ಸೊಳ್ಳೆಗೆ ಚಟ್ ಅಂದಿತು.