ಹಾರ್ಡ್‌ವಿಕ್ ಹಾಲ್: ಮೇಲೆ ಹೋದಷ್ಟೂ ಕಿಟಕಿ ಯಾಕೆ ದೊಡ್ಡದು?

ಪ್ರಶ್ನೆ: ಇಂಗ್ಲೆಂಡಿನ ಹಾರ್ಡ್‌ವಿಕ್ ಹಾಲ್‌ನ ಫೋಟೊ ನೋಡಿದೆ. ನೆಲಮಹಡಿಯ ಕಿಟಕಿ ಚಿಕ್ಕದು, ಅದರ ಮೇಲಿನದು ದೊಡ್ಡದು, ತುದಿ ಮಹಡಿಯದು ಇನ್ನೂ ದೊಡ್ಡದು. ಹೀಗೆ ತಲೆಕೆಳಗಾಗಿ ಯಾಕೆ ಕಟ್ಟಿದರು?

ಉತ್ತರ: ಆ ಮನೆಯ ಅತಿ ಮುಖ್ಯ ಕೋಣೆಗಳು ತುದಿ ಮಹಡಿಯಲ್ಲೇ ಇದ್ದವು, ಅದಕ್ಕೆ. ಹೊರಗೆ ನಿಂತವರಿಗೆ ಕಿಟಕಿಯ ಎತ್ತರ ನೋಡಿಯೇ ಯಾವ ಮಹಡಿಗೆ ಎಷ್ಟು ಮರ್ಯಾದೆ ಅಂತ ತಿಳಿಯುತ್ತಿತ್ತು.

ಡರ್ಬಿಶೈರ್‌ನ ಈ ಮನೆ ಕಟ್ಟಿಸಿದ್ದು ಬೆಸ್ ಆಫ್ ಹಾರ್ಡ್‌ವಿಕ್. ಅದೇ ಊರಿನ ಸಾಧಾರಣ ಜಮೀನ್ದಾರರ ಮನೆಯಲ್ಲಿ ಹುಟ್ಟಿದವರು. ನಾಲ್ಕು ಸಲ ಮದುವೆಯಾದರು. ಒಂದೊಂದು ಮದುವೆಯಿಂದಲೂ ಸ್ಥಾನ, ಆಸ್ತಿ ಬೆಳೆಯುತ್ತಾ ಹೋಯಿತು. ನಾಲ್ಕನೇ ಗಂಡ ಶ್ರೂಸ್‌ಬರಿಯ ಅರ್ಲ್ (ಅದೊಂದು ದೊಡ್ಡ ಕುಲೀನ ಪದವಿ) 1590ರಲ್ಲಿ ತೀರಿಕೊಂಡರು. ಅದೇ ವರ್ಷ ಹೊಸ ಮನೆಯ ಕೆಲಸ ಶುರುವಾಯಿತು. ಪಕ್ಕದಲ್ಲೇ ಅವರ ಹಳೆಯ ಮನೆಯನ್ನು ದೊಡ್ಡದು ಮಾಡುವ ಕೆಲಸ ಇನ್ನೂ ನಡೆಯುತ್ತಿತ್ತು, ಅದು ಮುಗಿಯುವವರೆಗೂ ಅವರು ಕಾಯಲಿಲ್ಲ. 1597ರಲ್ಲಿ ಹೊಸ ಮನೆಗೆ ಬಂದರು. ಆಗ ವಯಸ್ಸು ಸುಮಾರು 70. ಆರು ಗೋಪುರಗಳ ತುದಿಯಲ್ಲಿ ತಮ್ಮ ಹೆಸರಿನ ಎರಡು ಅಕ್ಷರ, ಇ ಮತ್ತು ಎಸ್, ಕಲ್ಲಿನಲ್ಲಿ ಕೆತ್ತಿಸಿದರು. ಎಲಿಜಬೆತ್ ಶ್ರೂಸ್‌ಬರಿ ಅಂತ, ಬೆಸ್ ಅನ್ನುವುದು ಎಲಿಜಬೆತ್‌ನ ಮೊಟಕು ರೂಪ.

ಈಗ ಒಳಗೆ ಹೋಗೋಣ. ನೆಲಮಹಡಿಯಲ್ಲಿ ಅಡುಗೆಮನೆ, ಆಳುಕಾಳುಗಳ ಓಡಾಟ. ಒಂದನೇ ಮಹಡಿಯಲ್ಲಿ ಬೆಸ್ ಅವರ ದಿನನಿತ್ಯದ ಬದುಕು. ಎರಡನೇ ಮಹಡಿ ಪೂರ್ತಿ ದೊಡ್ಡವರ ಸತ್ಕಾರಕ್ಕೆ. ರಾಣಿ ಒಂದನೇ ಎಲಿಜಬೆತ್ ಬಂದರೂ ಕೊರತೆಯಾಗಬಾರದು ಅನ್ನುವ ಹಾಗೆ ಇಲ್ಲಿನ ಕೋಣೆಗಳಿವೆ. ಅತಿಥಿಗಳನ್ನು ಬರಮಾಡಿಕೊಳ್ಳುವ ದೊಡ್ಡ ಕೋಣೆ, ಹೈ ಗ್ರೇಟ್ ಚೇಂಬರ್‌ನ ಗೋಡೆಯ ಮೇಲ್ಭಾಗದ ಸುತ್ತ ಗಾರೆಯಲ್ಲಿ ಕಾಡು, ಪ್ರಾಣಿಗಳು, ಬೇಟೆಯ ದೇವತೆ ಡಯಾನಾಳ ಪರಿವಾರ. ಡಯಾನಾ ಕನ್ಯಾದೇವತೆ, ಹಾಗಾಗಿ ಮದುವೆಯಾಗದ ರಾಣಿಗೆ ಅದೊಂದು ಗೌರವ. ಅದರ ಪಕ್ಕದಲ್ಲಿ ಸುಮಾರು 50 ಮೀಟರ್ ಉದ್ದದ ಲಾಂಗ್ ಗ್ಯಾಲರಿ. ಇಷ್ಟೆಲ್ಲಾ ಸಿದ್ಧತೆಯಾದರೂ ರಾಣಿ ಬರಲೇ ಇಲ್ಲ. ಆ ಮನೆಯ ಬಗ್ಗೆ ಓದುವಾಗಲೆಲ್ಲಾ ನನಗೆ ಬೇಸರವಾಗುವ ವಿಷಯ ಇದು.

ಇನ್ನು ಇಷ್ಟೊಂದು ಗಾಜು ಹಾಕಿದರೆ ಗೋಡೆ ನಿಲ್ಲುವುದು ಹೇಗೆ? ನನಗೆ ತುಂಬಾ ಇಷ್ಟವಾದ ಭಾಗ ಇದೇ. ಆಗಿನ ಇಂಗ್ಲೆಂಡಿನ ಮನೆಗಳಲ್ಲಿ ಬೆಂಕಿಗೂಡು ಮತ್ತು ಹೊಗೆಗೂಡು ಹೆಚ್ಚಾಗಿ ಹೊರಗೋಡೆಯಲ್ಲಿ ಇರುತ್ತಿದ್ದವು. ಇಲ್ಲಿ ಅವುಗಳಲ್ಲಿ ಹೆಚ್ಚಿನವನ್ನು ಒಳಗಿನ ದಪ್ಪ ಗೋಡೆಗಳಿಗೆ ಸರಿಸಿದ್ದಾರೆ. ಹಾಗಾಗಿ ಹೊರಗೋಡೆ ಕಿಟಕಿಗಳಿಗೆ ಬಿಡುವಾಯಿತು. ನಕ್ಷೆ ರಾಬರ್ಟ್ ಸ್ಮಿತ್‌ಸನ್ ಅವರದು ಅಂತಲೇ ವಿದ್ವಾಂಸರು ಹೇಳುತ್ತಾರೆ. ಕಲ್ಲುಕೆಲಸದಿಂದ ಬಂದ ಈ ಮನುಷ್ಯ ಅದಕ್ಕೂ ಮೊದಲು ಲಾಂಗ್‌ಲೀಟ್ ಅನ್ನುವ ದೊಡ್ಡ ಮನೆಯ ಕೆಲಸದಲ್ಲಿ ದುಡಿದು, ವೊಲಟನ್ ಹಾಲ್ ಕಟ್ಟಿದ್ದವರು. ಹಾರ್ಡ್‌ವಿಕ್‌ನಲ್ಲಿ ಇನ್ನೊಂದು ಹೊಸತೂ ಇದೆ. ಹಳೆಯ ಪದ್ಧತಿಯಲ್ಲಿ ದೊಡ್ಡ ಹಜಾರ ಮನೆಯ ಮುಂಭಾಗಕ್ಕೆ ಸಮಾನಾಂತರವಾಗಿ ಇರುತ್ತಿತ್ತು. ಇಲ್ಲಿ ಅದನ್ನು ತಿರುಗಿಸಿ, ಮುಂಬಾಗಿಲಿನಿಂದ ಹಿಂದಿನವರೆಗೆ ನಟ್ಟನಡುವೆ ಹಾಯಿಸಿದ್ದಾರೆ. ಇದರಿಂದ ಮನೆಯ ಎಡಬಲ ಒಂದೇ ಸಮ ಆಯಿತು.

ಗಾಜು ಆಗ ಬಲು ದುಬಾರಿ. ಬೆಸ್ ಅವರಿಗೆ ಸ್ವಂತ ಗಾಜಿನ ಕಾರ್ಖಾನೆಯೇ ಇತ್ತು. ‘ಹಾರ್ಡ್‌ವಿಕ್ ಹಾಲ್, ಗೋಡೆಗಿಂತ ಗಾಜೇ ಜಾಸ್ತಿ’ ಅಂತ ಜನ ಪ್ರಾಸ ಕಟ್ಟಿದರು. ಆದರೆ ಎಲ್ಲವೂ ನಿಜವಾದ ಕಿಟಕಿಗಳಲ್ಲ. ಹೊರಗಿನ ಸಾಲು ತಪ್ಪಬಾರದು ಅಂತ ಕೆಲವು ಕಡೆ ಸುಮ್ನೆ ಕಿಟಕಿ ಕೂರಿಸಿದ್ದಾರೆ, ಗಾಜಿನ ಹಿಂದೆ ಇರುವುದು ಹೊಗೆಗೂಡು. ಅಂದ ಗೆದ್ದಿತು, ಚಳಿಯೂ ಒಳಗೆ ಬಂತು. 1601ರಲ್ಲಿ ಮಾಡಿದ ಮನೆಸಾಮಾನಿನ ಪಟ್ಟಿ ಉಳಿದಿದೆ. ಅದರಲ್ಲಿ ಬೆಸ್ ಅವರ ಮಲಗುವ ಕೋಣೆಗೆ ಬರೆದಿರುವ ಕಂಬಳಿ, ಹೊದಿಕೆ, ಪರದೆಗಳನ್ನು ನೋಡಿದರೆ ಚಳಿ ಎಷ್ಟಿತ್ತು ಅಂತ ಊಹಿಸಬಹುದು.

ನಿಮಗೆ ಇದು ತಲೆಕೆಳಗಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಮುಂದೆ ಇಟಲಿಯ ಮಾದರಿ ಬಂದಾಗ ಮುಖ್ಯ ಕೋಣೆಗಳು ನಡುವಿನ ಮಹಡಿಗೆ ಇಳಿದವು, ತುದಿಯ ಕಿಟಕಿಗಳು ಚಿಕ್ಕದಾದವು. ಅದೇ ಡರ್ಬಿಶೈರ್‌ನ ಕೆಡಲ್‌ಸ್ಟನ್ ಹಾಲ್ ಹಾಗೆ ಕಟ್ಟಿದ್ದು, 1759ರಲ್ಲಿ ಶುರುವಾದದ್ದು. ಕೋಲ್ಕತ್ತಾದ ರಾಜ್ಯಪಾಲರ ನಿವಾಸಕ್ಕೆ ಮಾದರಿ ಆ ಮನೆಯೇ. ನಮ್ಮ ಕಣ್ಣಿಗೆ ರೂಢಿಯಾಗಿರುವುದು ಆ ಬಗೆಯ ಕಟ್ಟಡ, ಅಲ್ವಾ?

ಹಾಗಾದರೆ ಹಾರ್ಡ್‌ವಿಕ್ ಮಾತ್ರ ಯಾಕೆ ಬದಲಾಗಲಿಲ್ಲ? 1608ರಲ್ಲಿ ಬೆಸ್ ತೀರಿಕೊಂಡ ಮೇಲೆ ಅವರ ವಂಶದವರು, ಅಂದರೆ ಮುಂದೆ ಡೆವನ್‌ಶೈರ್ ಡ್ಯೂಕ್‌ಗಳಾದವರು, ಚಾಟ್ಸ್‌ವರ್ತ್ ಅನ್ನೇ ಮುಖ್ಯ ಮನೆ ಮಾಡಿಕೊಂಡರು. 1687ರಿಂದ ಹಣವೆಲ್ಲಾ ಅದನ್ನು ಹೊಸದಾಗಿ ಕಟ್ಟುವುದಕ್ಕೆ ಹೋಯಿತು. ಹಾರ್ಡ್‌ವಿಕ್ ಎರಡನೇ ಮನೆಯಾಗಿ ಉಳಿಯಿತು, ಹಾಗಾಗಿ ಅದರ ಮೂಲ ರೂಪವೂ ಉಳಿಯಿತು. ಹತ್ತನೇ ಡ್ಯೂಕ್ 1950ರಲ್ಲಿ ತೀರಿಕೊಂಡಾಗ ಬಂದ ಭಾರೀ ತೆರಿಗೆಗೆ ಬದಲಾಗಿ ಮನೆಯನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು. 1959ರಲ್ಲಿ ಅದು ಹಳೆಯ ಮನೆಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ಗೆ ಸೇರಿತು. ಈಗ ಟ್ರಸ್ಟ್‌ಗೆ ಆ ಕಿಟಕಿಗಳದ್ದೇ ಚಿಂತೆ, ಯಾಕೆಂದರೆ ಬಿಸಿಲಿಗೆ ಹಳೆಯ ಬಟ್ಟೆಗಳ ಬಣ್ಣ ಹೋಗುತ್ತದೆ. ಬೆಸ್ 1592ರಲ್ಲಿ ಕೊಂಡು ಲಾಂಗ್ ಗ್ಯಾಲರಿಯಲ್ಲಿ ತೂಗುಹಾಕಿಸಿದ 13 ಚಿತ್ರಪರದೆಗಳನ್ನು ಒಂದೊಂದಾಗಿ ತೊಳೆದು, ಹೊಲಿದು, ಸರಿಮಾಡುವುದಕ್ಕೆ 20 ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ಕೆಲಸ ಮುಗಿದದ್ದು 2023ರಲ್ಲಿ.