ಏಳಕ್ಕೆ ಕಟ್ಟಿದ ಸ್ಯಾಂಡ್‌ವಿಚ್, ಒಂದು ಗಂಟೆಗೆ ತೆರೆದಾಗ

ಆಲೂರು ಕಡೆಯಿಂದ ಹಾಸನಕ್ಕೆ ಸ್ಕೂಲ್ ಬಸ್ಸಿನಲ್ಲಿ ಬರುವ ಎಂಟು ವರ್ಷದ ಹುಡುಗ. ತೂಕ ಕಡಿಮೆ ಅಂತ ಅವನ ತಾಯಿ ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. "ಚಿತ್ರಾನ್ನ ಬೇಡ, ಸ್ಯಾಂಡ್‌ವಿಚ್ಚೇ ಬೇಕು ಅಂತ ಹಟ ಮಾಡ್ತಾನೆ ಮೇಡಂ. ಮಾಡಿ ಕಳಿಸಿದ್ರೆ ಅರ್ಧ ವಾಪಸ್ ಬರುತ್ತೆ" ಎಂದರು. ನಾನು ಒಂದೇ ಕೆಲಸ ಹೇಳಿದೆ. "ನಾಳೆ ಎರಡು ಮಾಡಿ. ಒಂದನ್ನು ಅಂಥದ್ದೇ ಡಬ್ಬಿಯಲ್ಲಿ ಹಾಕಿ ಮನೆಯಲ್ಲೇ ಇಟ್ಟುಕೊಳ್ಳಿ. ಒಂದು ಗಂಟೆಗೆ ತೆಗೆದು ನೀವೇ ತಿನ್ನಿ." ಮುಂದಿನ ವಾರ ಬಂದವರು ಕೂರುವ ಮೊದಲೇ ಹೇಳಿದರು: "ನನಗೇ ನುಂಗೋಕೆ ಆಗ್ಲಿಲ್ಲ ಮೇಡಂ. ಬ್ರೆಡ್ಡು ಒದ್ದೆಯಾಗಿ ಅಂಟಂಟಾಗಿತ್ತು."

ತಾಯಂದಿರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಬ್ರೆಡ್ ಒಳ್ಳೆಯದು ಅಂತ. ಆಹಾರ ತಜ್ಞೆಯಾಗಿ ನಾನು ಮೊದಲು ಕೇಳುವುದು ಗಂಟೆ. ಡಬ್ಬಿ ಕಟ್ಟುವುದು ಎಷ್ಟಕ್ಕೆ, ಮಗು ತೆರೆಯುವುದು ಎಷ್ಟಕ್ಕೆ? ನಡುವೆ ಐದಾರು ಗಂಟೆ ಇದ್ದರೆ, ಆ ಹೊತ್ತನ್ನು ತಡೆದುಕೊಳ್ಳುವಂಥ ಸ್ಯಾಂಡ್‌ವಿಚ್ ಮಾಡಬೇಕು. ಎಷ್ಟೇ ಪೌಷ್ಟಿಕವಾಗಿದ್ದರೂ ಡಬ್ಬಿಯಲ್ಲೇ ಉಳಿದರೆ ಮಗುವಿಗೆ ಏನೂ ಸಿಗಲಿಲ್ಲ, ಅಲ್ವಾ?

ಬ್ರೆಡ್ ಹಾಳಾಗುವುದು ನೀರಿನಿಂದ. ಬಿಸಿ ಪಲ್ಯ ತುಂಬಿ ತಕ್ಷಣ ಮುಚ್ಚಳ ಹಾಕಿದರೆ ಆವಿ ಮೇಲೆ ಹೋಗಿ, ಹನಿಯಾಗಿ ಮತ್ತೆ ಬ್ರೆಡ್ಡಿನ ಮೇಲೇ ಬೀಳುತ್ತದೆ. ಟೋಸ್ಟ್ ಮಾಡಿದ್ದನ್ನು ತಟ್ಟೆಯಲ್ಲಿ ಮಲಗಿಸಿದರೂ ಇದೇ ಕಥೆ, ಕೆಳಗಡೆ ಬೆವರುತ್ತದೆ. ಎರಡು ಸ್ಲೈಸ್‌ಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ. ಐದು ನಿಮಿಷದಲ್ಲಿ ಆರುತ್ತವೆ. ಆಮೇಲೆ ಒಳಗಿನ ಎರಡೂ ಬದಿಗೆ ತೆಳ್ಳಗೆ ಬೆಣ್ಣೆ ಸವರಿ. ರುಚಿ ಒಂದು ಕಡೆ ಇರಲಿ, ಬೆಣ್ಣೆಯ ಜಿಡ್ಡು ಪಲ್ಯದ ನೀರು ಬ್ರೆಡ್ಡಿಗೆ ಇಳಿಯದ ಹಾಗೆ ತಡೆಯುತ್ತದೆ. ಕೊತ್ತಂಬರಿ ಚಟ್ನಿಗೆ ಒಂದು ಹಿಡಿ ಹುರಿಗಡಲೆ ಹಾಕಿ ಗಟ್ಟಿಯಾಗಿ ರುಬ್ಬಿ. ಟೊಮೇಟೊ ಹಾಕಲೇಬೇಕಾದರೆ ಬೀಜ, ರಸ ತೆಗೆದುಬಿಡಿ. ಸೌತೆಕಾಯಿಗೆ ಬೆಳಿಗ್ಗೆ ಉಪ್ಪು ಹಾಕಬೇಡಿ, ಉಪ್ಪು ಬಿದ್ದ ಕೂಡಲೇ ಅದು ನೀರು ಬಿಡುತ್ತದೆ.

ಇನ್ನು ಬ್ರೆಡ್. ಬೆಂಗಳೂರಿಗೆ ಹೋಗಿ ಅಯ್ಯಂಗಾರ್ ಬೇಕರಿ ಇಟ್ಟ ಎಷ್ಟೋ ಕುಟುಂಬಗಳು ನಮ್ಮ ಹಾಸನ ಜಿಲ್ಲೆಯವು. ಬ್ರೆಡ್ ನಮಗೆ ಹೊಸದಲ್ಲ, ಅದನ್ನು ಕೆಟ್ಟದ್ದು ಅಂತ ಹೆದರಿಸಲು ನನಗೆ ಇಷ್ಟವೂ ಇಲ್ಲ. ಆದರೆ ಕಂದು ಬಣ್ಣ ಕಂಡು ಗೋಧಿ ಬ್ರೆಡ್ ಅಂದುಕೊಳ್ಳಬೇಡಿ. ಕ್ಯಾರಮೆಲ್ ಬಣ್ಣದಿಂದಲೂ ಅದು ಬರುತ್ತದೆ. ಪೊಟ್ಟಣದ ಹಿಂದೆ ಓದಿ. ಯಾವುದು ಹೆಚ್ಚು ತೂಕ ಬಿದ್ದಿದೆಯೋ ಅದನ್ನು ಮೊದಲು ಬರೆದಿರುತ್ತಾರೆ. 'ರಿಫೈನ್ಡ್ ವೀಟ್ ಫ್ಲೋರ್' ಮೊದಲಿದ್ದರೆ ಅದರಲ್ಲಿ ಮೈದಾವೇ ಜಾಸ್ತಿ.

ನನಗೆ ನಿಜವಾಗಿ ಚಿಂತೆ ಇರುವುದು ಎರಡು ಸ್ಲೈಸ್‌ಗಳ ನಡುವೆ ಏನಿದೆ ಅನ್ನುವುದರ ಬಗ್ಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನ ಪ್ರಕಾರ 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ 23 ಗ್ರಾಂ ಪ್ರೋಟೀನ್ ಬೇಕು. ಜಾಮ್ ಸವರಿದ ಎರಡು ಸ್ಲೈಸ್‌ನಿಂದ ಸಿಗುವುದು ನಾಲ್ಕೈದು ಗ್ರಾಂ. ಅದರಲ್ಲೇ ಒಂದು ಮೊಟ್ಟೆ ಇಟ್ಟರೆ ಹೆಚ್ಚುಕಡಿಮೆ 10 ಗ್ರಾಂ ಆಗುತ್ತದೆ. ಕೆಚಪ್ ಕೂಡ ಜಾಮಿನ ತಮ್ಮನೇ. ಒಂದು ದೊಡ್ಡ ಚಮಚ ಕೆಚಪ್‌ನಲ್ಲಿ ಸುಮಾರು ಒಂದು ಟೀ ಚಮಚ ಸಕ್ಕರೆ ಇರುತ್ತದೆ.

ಹಾಸನದವರಿಗೆ ಆಲೂಗಡ್ಡೆ ಬಿಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಹೊಲದ ಬೆಳೆ ಅದು, ಮಕ್ಕಳಿಗೂ ಇಷ್ಟ. ಅರ್ಧ ಆಲೂಗಡ್ಡೆ ತೆಗೆದು ಆ ಜಾಗಕ್ಕೆ ಬೇಯಿಸಿ ಕಿವುಚಿದ ಹೆಸರುಕಾಳೋ ಕಡಲೆಕಾಳೋ ಸೇರಿಸಿ. ಚೂರು ಜೀರಿಗೆ ಪುಡಿ ಹಾಕಿ, ನೀರಿನ ಪಸೆ ಹೋಗುವ ತನಕ ಬಾಣಲೆಯಲ್ಲಿ ಬಾಡಿಸಿ. ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ. ಮಕ್ಕಳಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಜೊತೆಗೆ ಒಂದು ಸೀಬೆಹಣ್ಣು ಇಟ್ಟರೆ ಇನ್ನೂ ಒಳ್ಳೆಯದು. ಕಾಳಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ವಿಟಮಿನ್ ಸಿ ಬೇಕು. ಅದು ಸೀಬೆಯಲ್ಲಿ ಕಿತ್ತಳೆಗಿಂತ ಎಷ್ಟೋ ಪಟ್ಟು ಜಾಸ್ತಿ.

ಮೊಟ್ಟೆ, ಪನೀರ್ ಇಟ್ಟ ದಿನ ಮಾತ್ರ ಗಡಿಯಾರ ಮರೆಯಬೇಡಿ. ಇವು ಹೊರಗಡೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ರಾತ್ರಿಯೇ ಒಂದು ಸಣ್ಣ ನೀರಿನ ಬಾಟಲಿಯನ್ನು ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ಡಬ್ಬಿಗೆ ಒತ್ತಿಕೊಂಡಿರುವಂತೆ ದಪ್ಪ ಬ್ಯಾಗಿನಲ್ಲಿ ಹಾಕಿ ಕಳಿಸಿ. ಅದು ಆಗದಿದ್ದರೆ ಅವನ್ನು ಮನೆಯ ತಿಂಡಿಗೇ ಕೊಡಿ. ಮಾರ್ಚ್, ಏಪ್ರಿಲ್‌ನ ಬಿಸಿಲಿಗೆ ಪಲ್ಯವೂ ಬೇಡ. ಬೆಣ್ಣೆಯ ಮೇಲೆ ಕಡಲೆಬೀಜದ ಚಟ್ನಿಪುಡಿಯನ್ನೋ ಹುಚ್ಚೆಳ್ಳು ಪುಡಿಯನ್ನೋ ದಪ್ಪಗೆ ಉದುರಿಸಿ ಒತ್ತಿ. ಒಣಪುಡಿ ಆದ್ದರಿಂದ ಸಂಜೆವರೆಗೂ ಕೆಡುವುದಿಲ್ಲ, ಬೆಳಿಗ್ಗೆ ಒಲೆ ಹಚ್ಚುವ ಕೆಲಸವೂ ಇಲ್ಲ. ಕಡಲೆಬೀಜ ಆಗದ ಮಕ್ಕಳು ತರಗತಿಯಲ್ಲಿ ಇದ್ದಾರಾ ಎಂದು ಟೀಚರ್ ಹತ್ತಿರ ಒಮ್ಮೆ ಕೇಳಿಕೊಳ್ಳಿ, ಮಕ್ಕಳು ಹಂಚಿಕೊಂಡು ತಿನ್ನುತ್ತಾರೆ.

ಅರ್ಧ ಉಳಿಸಿಕೊಂಡು ಬಂದರೆ ಸುಮ್ನೆ ಬೈಯಬೇಡಿ. ಡಬ್ಬಿ ತೆರೆದು ಏನು ಉಳಿದಿದೆ ನೋಡಿ. ಆಲೂರಿನ ಆ ಹುಡುಗ ಮೂರು ದಿನ ಸೌತೆಕಾಯಿ ಮಾತ್ರ ಬಿಟ್ಟು ಬಂದಿದ್ದ. ತಾಯಿ ಈಗ ಅದನ್ನು ಉದ್ದುದ್ದ ಹೆಚ್ಚಿ ಬೇರೆ ಪುಟ್ಟ ಡಬ್ಬಿಯಲ್ಲಿ ಇಡುತ್ತಾರೆ. ಬಸ್ಸಿನಲ್ಲಿ ಮನೆಗೆ ಬರುವಾಗ ಅದನ್ನೂ ಖಾಲಿ ಮಾಡಿರುತ್ತಾನಂತೆ.